ಸುಂಕದವನ ಮುಂದೆ: ಮಿತ್ರರ ಮೇಲೆ ಹಾಕಿದ ಸುಂಕದ ಬಿಲ್ ಯಾರ ಕೈಗೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅಮೆರಿಕದ ಸುಂಕದ ಬಗ್ಗೆಯೇ ಇವೆ. ಬಂದರಿನ ಕಸ್ಟಮ್ಸ್ ಕಚೇರಿಯಲ್ಲಿ ಅಪ್ರೈಸರ್ ಆಗಿ ನಿವೃತ್ತನಾದವನನ್ನು ಕೇಳದೆ ಇನ್ನಾರನ್ನು ಕೇಳುತ್ತೀರಿ, ಸರಿ. ಭಾರತದ ಸರಕಿನ ಮೇಲೆ ಬಿದ್ದ ಸುಂಕದ ವಿಚಾರ ದಿನಪತ್ರಿಕೆಗಳಲ್ಲಿ ಸಾಕಷ್ಟು ಬಂದಿದೆ. ಹಾಗಾಗಿ ಸೇನೆ, ಗಡಿ, ಕಾರ್ಖಾನೆ ಎಲ್ಲವನ್ನೂ ಹಂಚಿಕೊಂಡ ಮಿತ್ರರಾಷ್ಟ್ರಗಳು ಒಂದರ ಮೇಲೊಂದು ಸುಂಕ ಹಾಕಿದಾಗ ಏನಾಗುತ್ತದೆ ಎಂದು ಕೇಳಿದ ಪತ್ರಗಳನ್ನಷ್ಟೇ ಆರಿಸಿಕೊಂಡಿದ್ದೇನೆ. ಇಂದಿನ ದರ ಎಷ್ಟು ಎಂದು ತಿಳಿಯಲು ದಯವಿಟ್ಟು ಈ ಅಂಕಣವನ್ನು ನಂಬಬೇಡಿ. ಅಚ್ಚಾಗುವಷ್ಟರಲ್ಲಿ ಅದು ಬದಲಾಗಿರುತ್ತದೆ.

ನನ್ನ ಮಗ ಕೆನಡಾದ ವಿಂಡ್ಸರ್ ಎಂಬ ಊರಿನಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿದ್ದಾನೆ. ಟಿ.ವಿ.ಯಲ್ಲಿ "ಅಮೆರಿಕ ಕೆನಡಾದ ಮೇಲೆ ಸುಂಕ ಹಾಕಿತು" ಎನ್ನುತ್ತಾರೆ. ಹಾಗಾದರೆ ಆ ಹಣವನ್ನು ಕೆನಡಾದವರು ಕಟ್ಟುತ್ತಾರೆಯೇ? ಮಗ ಏನು ಕೇಳಿದರೂ "ಏನಿಲ್ಲಮ್ಮಾ" ಎನ್ನುತ್ತಾನೆ.
– ನಿವೃತ್ತ ಶಿಕ್ಷಕಿ, ಸಾಗರ

ಮೇಡಂ, ಸುಂಕದ ಕಟ್ಟೆಯಲ್ಲಿ ಕೂತವನಿಗೆ ಪರದೇಶದ ಸರ್ಕಾರ ಕಾಣುವುದೇ ಇಲ್ಲ. ಕಾಣುವುದು ಆಮದುದಾರನ ಪರವಾಗಿ ಕಡತ ಹಿಡಿದು ನಿಂತ ಕ್ಲಿಯರಿಂಗ್ ಏಜೆಂಟ್. ಬಿಲ್ ಆಫ್ ಎಂಟ್ರಿ, ಅಂದರೆ ಆಮದು ಸರಕಿನ ವಿವರದ ಪತ್ರ, ಸಲ್ಲಿಸುವವನು ಅವನು, ಹಣ ಹೋಗುವುದು ಆಮದುದಾರನ ಖಾತೆಯಿಂದ. ಆಫ್ರಿಕಾದ ಕಚ್ಚಾ ಗೋಡಂಬಿಯ ಕಾಗದಗಳು ನನ್ನ ಮೇಜಿನ ಮೇಲೆ ಎಷ್ಟೋ ಹಾದುಹೋಗಿವೆ. ತಾಂಜಾನಿಯಾದವರು ಬಂದು ಸುಂಕ ಕಟ್ಟಿದ್ದನ್ನು ನಾನು ನೋಡಿಲ್ಲ, ಕಟ್ಟಿದವರು ಮಂಗಳೂರಿನ ಗೋಡಂಬಿ ಕಾರ್ಖಾನೆಯವರು. ಡೆಟ್ರಾಯಿಟ್‌ನಲ್ಲೂ ಇದೇ ಕ್ರಮ. ಕೆನಡಾದ ಸರಕಿನ ಮೇಲಿನ ಸುಂಕವನ್ನು ಅಮೆರಿಕದ ಖಜಾನೆಗೆ ಕಟ್ಟುವವನು ಅದನ್ನು ಅಮೆರಿಕಕ್ಕೆ ತರಿಸಿಕೊಂಡವನು.

ಆದರೆ ಕಟ್ಟುವವನೇ ಹೊರುವವನು ಎಂದೇನಿಲ್ಲ. ಕೆನಡಾದ ಮಾರಾಟಗಾರ ಗಿರಾಕಿ ಕೈಬಿಟ್ಟು ಹೋಗಬಾರದೆಂದು ಬೆಲೆ ಇಳಿಸಿದರೆ ಭಾರದ ಒಂದು ಪಾಲು ಅವನದಾಗುತ್ತದೆ. ಎಷ್ಟು ಪಾಲು ಎಂಬುದೇ ವಾದದ ಮೂಲ. 2018ರಲ್ಲಿ ಅಮೆರಿಕ ಹಾಕಿದ ಸುಂಕಗಳ ಗಡಿ ದಾಖಲೆಗಳನ್ನು ಕೆದಕಿ ನೋಡಿದ ಅರ್ಥಶಾಸ್ತ್ರಜ್ಞರಲ್ಲಿ ನಮ್ಮ ಮೈಸೂರಿನಲ್ಲಿ ಓದಿ ಬೆಳೆದ ಗೀತಾ ಗೋಪಿನಾಥ್ ಒಬ್ಬರು. ಅವರೂ ಅವರ ಸಂಗಡಿಗರೂ ಕಂಡುಕೊಂಡದ್ದು ಇಷ್ಟು: ಗಡಿಯಲ್ಲಿ ಸುಂಕದ ಬಹುಪಾಲು ಭಾರ ಅಮೆರಿಕದ ಆಮದುದಾರರ ಮೇಲೆಯೇ ಬಿತ್ತು, ಪರದೇಶದವರು ಬೆಲೆ ಇಳಿಸಿದ್ದು ತೀರಾ ಕಡಿಮೆ. ಅಂಗಡಿಯ ಬೆಲೆ ಮಾತ್ರ ಅಷ್ಟೇ ಪ್ರಮಾಣದಲ್ಲಿ ಏರಲಿಲ್ಲ. ಎಂದರೆ ನಡುವಿನ ವರ್ತಕರು ತಮ್ಮ ಲಾಭವನ್ನು ಸ್ವಲ್ಪ ಕಾಲ ಬಿಟ್ಟುಕೊಟ್ಟರು. ವರ್ತಕರು ಹೀಗೆ ಎಷ್ಟು ದಿನ ಬಿಟ್ಟುಕೊಡುತ್ತಾರೆ ಎಂಬುದನ್ನು ನೀವೇ ಊಹಿಸಿ.

ಇನ್ನು ವಿಂಡ್ಸರ್. ನಡುವೆ ಒಂದು ನದಿ, ಆಚೆ ದಡದಲ್ಲಿ ಡೆಟ್ರಾಯಿಟ್. ವಿಚಿತ್ರವೆಂದರೆ ಅಲ್ಲಿ ಅಮೆರಿಕ ಉತ್ತರಕ್ಕಿದೆ, ಕೆನಡಾ ದಕ್ಷಿಣಕ್ಕಿದೆ. ಎರಡು ಊರುಗಳನ್ನು ಕೂಡಿಸುವ ಅಂಬಾಸಿಡರ್ ಸೇತುವೆಯ ಮೇಲೆ ಎರಡೂ ದೇಶಗಳ ನಡುವಿನ ವ್ಯಾಪಾರದ ಸುಮಾರು ಕಾಲು ಭಾಗ ಲಾರಿಗಳಲ್ಲಿ ಓಡಾಡುತ್ತಿತ್ತು. 1965ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷ ಜಾನ್ಸನ್ ಮತ್ತು ಕೆನಡಾದ ಪ್ರಧಾನಿ ಪಿಯರ್ಸನ್ ವಾಹನ ಒಪ್ಪಂದಕ್ಕೆ ಸಹಿ ಹಾಕಿದ ಮೇಲೆ ಅಲ್ಲಿನ ಕಾರು ಉದ್ಯಮಕ್ಕೆ ಗಡಿ ಎಂಬುದು ಹೆಚ್ಚುಕಡಿಮೆ ಇಲ್ಲವಾಯಿತು. ಎರಕ ಒಂದು ಕಡೆ, ಕಡೆತ ಇನ್ನೊಂದು ಕಡೆ, ಜೋಡಣೆ ಮತ್ತೊಂದು ಕಡೆ. ಒಂದೇ ಭಾಗ ಕಾರಿನೊಳಗೆ ಸೇರುವ ಮುನ್ನ ಆರೇಳು ಸಲ ಗಡಿ ದಾಟುವುದುಂಟು.

ಇಂಥ ಉದ್ಯಮದ ಮೇಲೆ 2025ರ ಏಪ್ರಿಲ್ 3ರಂದು ಶೇ 25ರ ವಾಹನ ಸುಂಕ ಜಾರಿಯಾಯಿತು. ಅದೇ ದಿನ ಸ್ಟೆಲಾಂಟಿಸ್ ಕಂಪನಿ ತನ್ನ ವಿಂಡ್ಸರ್ ಜೋಡಣಾ ಘಟಕವನ್ನು ಎರಡು ವಾರ ನಿಲ್ಲಿಸುವುದಾಗಿ ಪ್ರಕಟಿಸಿತು. ನಮ್ಮ ಪತ್ರಿಕೆಗಳಲ್ಲಿ ಇಷ್ಟು ಬಂತು. ಬಾರದೇ ಉಳಿದದ್ದು ಅದರ ಮುಂದಿನ ಸಾಲು: ಅದೇ ಪ್ರಕಟಣೆಯಲ್ಲಿ ಕಂಪನಿ ಮಿಷಿಗನ್ ಮತ್ತು ಇಂಡಿಯಾನಾದ ಸುಮಾರು 900 ಅಮೆರಿಕನ್ ಕಾರ್ಮಿಕರನ್ನೂ ತಾತ್ಕಾಲಿಕವಾಗಿ ಮನೆಗೆ ಕಳಿಸಿತು. ಅವರು ಮಾಡುತ್ತಿದ್ದುದು ಕೆನಡಾ ಮತ್ತು ಮೆಕ್ಸಿಕೋದ ಘಟಕಗಳಿಗೆ ಬೇಕಾದ ಭಾಗಗಳನ್ನು. ಅಲ್ಲಿ ಜೋಡಣೆ ನಿಂತರೆ ಇಲ್ಲಿ ಮಾಡಿದ್ದನ್ನು ಕೊಳ್ಳುವವರು ಯಾರು? ಕೆನಡಾದ ಮೇಲೆ ಹಾಕಿದ ಸುಂಕ ಒಂದೇ ದಿನದಲ್ಲಿ ಸ್ವಂತ ಮನೆಯವರ ಕೆಲಸ ನಿಲ್ಲಿಸಿತು.

ಕಸ್ಟಮ್ಸ್‌ನವನಾದ ನನಗೆ ಕುತೂಹಲ ಹುಟ್ಟಿಸಿದ್ದು ಇನ್ನೊಂದು ಅಂಶ. ಆ ಸುಂಕದ ಆದೇಶದಲ್ಲಿ ಅಮೆರಿಕ, ಕೆನಡಾ, ಮೆಕ್ಸಿಕೋ ಮೂರು ದೇಶಗಳ ವ್ಯಾಪಾರ ಒಪ್ಪಂದದ ನಿಯಮಕ್ಕೆ ಒಳಪಡುವ ಕಾರುಗಳಿಗೆ ಒಂದು ವಿನಾಯಿತಿ ಇತ್ತು: ಕಾರಿನಲ್ಲಿ ಅಮೆರಿಕದ ಪಾಲು ಎಷ್ಟಿದೆಯೋ ಅಷ್ಟನ್ನು ಕಳೆದು ಉಳಿದದ್ದಕ್ಕೆ ಸುಂಕ ಕಟ್ಟಿದರೆ ಸಾಕು. ಕೇಳಲು ನ್ಯಾಯವಾಗಿದೆ. ಆದರೆ ಆರೇಳು ಸಲ ಗಡಿ ದಾಟಿದ ಭಾಗದಲ್ಲಿ ಯಾವ ದೇಶದ ಪಾಲು ಎಷ್ಟು ಎಂದು ಲೆಕ್ಕ ಇಡುವ ಗುಮಾಸ್ತನ ಪಾಡು ನನಗೆ ಗೊತ್ತು. ಆ ಲೆಕ್ಕಕ್ಕೇ ಹೊಸದಾಗಿ ಜನ ಬೇಕು, ಅವರ ಸಂಬಳವೂ ಕಾರಿನ ಬೆಲೆಯಲ್ಲಿ ಸೇರುತ್ತದೆ.

ಮಗನ ಕೆಲಸದ ಬಗ್ಗೆ ನಾನು ಭರವಸೆ ಕೊಡಲಾರೆ. ಅವನ ಕಾರ್ಖಾನೆಯ ಮಾಲು ಯಾವ ಕಾರಿಗೆ ಹೋಗುತ್ತದೆ, ಆ ಕಾರು ಎಲ್ಲಿ ಜೋಡಣೆಯಾಗುತ್ತದೆ, ಎಲ್ಲಿ ಮಾರಾಟವಾಗುತ್ತದೆ, ಈ ಮೂರನ್ನು ಕೇಳಿ. "ಏನಿಲ್ಲಮ್ಮಾ" ಎಂಬುದಕ್ಕಿಂತ ಹೆಚ್ಚು ತಿಳಿಯುತ್ತದೆ.

ಭಾರ ಗಿರಾಕಿಯ ಮೇಲೆ ಬಿದ್ದರೂ ಸ್ವದೇಶಿ ಕಾರ್ಖಾನೆಗಳು ಬೆಳೆದು ಕೆಲಸ ಹುಟ್ಟುತ್ತದೆಯಲ್ಲ? ನಮ್ಮ ಅಧ್ಯಾಪಕರು ಇದನ್ನು ಸುಲಭವಾಗಿ ತಳ್ಳಿಹಾಕುತ್ತಾರೆ.
– ಎಂ.ಎ. ವಿದ್ಯಾರ್ಥಿ, ಧಾರವಾಡ

ತಳ್ಳಿಹಾಕಬಾರದು. ಕೆಲಸ ಹುಟ್ಟುತ್ತದೆ. ಎಷ್ಟು ಹಣಕ್ಕೆ ಎಷ್ಟು ಎಂದು ಕೇಳಬೇಕು. ಇದಕ್ಕೆ ಬಟ್ಟೆ ಒಗೆಯುವ ಯಂತ್ರಕ್ಕಿಂತ ಒಳ್ಳೆಯ ನಿದರ್ಶನ ನನಗೆ ಸಿಕ್ಕಿಲ್ಲ.

ದಕ್ಷಿಣ ಕೊರಿಯಾ ಅಮೆರಿಕದ ಹಳೆಯ ಮಿತ್ರ. ಅಮೆರಿಕದ ಸೈನಿಕರು ಇಂದಿಗೂ ಅಲ್ಲಿದ್ದಾರೆ. ಅಲ್ಲಿನ ಸ್ಯಾಮ್‌ಸಂಗ್ ಮತ್ತು ಎಲ್‌ಜಿ ತಮ್ಮ ವಾಷಿಂಗ್ ಮೆಷಿನ್‌ಗಳಿಂದ ಅಮೆರಿಕದ ವರ್ಲ್‌ಪೂಲ್ ಕಂಪನಿಯ ನಿದ್ದೆಗೆಡಿಸಿದ್ದವು. ಮೊದಲು ಕೊರಿಯಾ ಮತ್ತು ಮೆಕ್ಸಿಕೋದಿಂದ ಬರುವ ಯಂತ್ರಗಳ ಮೇಲೆ ಸುಂಕ ಬಿತ್ತು. ಕಂಪನಿಗಳು ತಯಾರಿಕೆಯನ್ನು ಚೀನಾಕ್ಕೆ ಒಯ್ದವು. ಚೀನಾದ ಮೇಲೆ ಸುಂಕ ಬಿತ್ತು. ಥಾಯ್ಲೆಂಡ್, ವಿಯೆಟ್ನಾಂಗಳಿಗೆ ಹೋದವು. ಕೊನೆಗೆ 2018ರ ಆರಂಭದಲ್ಲಿ ಹೆಚ್ಚುಕಡಿಮೆ ಎಲ್ಲ ದೇಶಗಳ ಯಂತ್ರಗಳಿಗೂ ಸುಂಕ: ವರ್ಷದ ಮೊದಲ 12 ಲಕ್ಷ ಯಂತ್ರಗಳಿಗೆ ಶೇ 20, ಅದರ ಮೇಲಿನವಕ್ಕೆ ಶೇ 50.

ಆಗ ಸ್ಯಾಮ್‌ಸಂಗ್ ಸೌತ್ ಕೆರೊಲಿನಾದಲ್ಲಿ, ಎಲ್‌ಜಿ ಟೆನ್ನೆಸ್ಸಿಯಲ್ಲಿ ಯಂತ್ರ ತಯಾರಿಸತೊಡಗಿದವು. ವರ್ಲ್‌ಪೂಲ್ ಕೂಡ ಒಂದಷ್ಟು ಜನರನ್ನು ತೆಗೆದುಕೊಂಡಿತು. ಫ್ಲಾಯೆನ್, ಹೋರ್ಟಾಚ್ಸು, ಟಿಂಟೆಲ್ನಾಟ್ ಎಂಬ ಮೂವರು ಸಂಶೋಧಕರು ಲೆಕ್ಕ ಹಾಕಿದಂತೆ ಹೊಸ ಕೆಲಸಗಳು ಸುಮಾರು 1,800. ಈ ಎಣಿಕೆ ಸುಳ್ಳಲ್ಲ, ಆ 1,800 ಮನೆಗಳಲ್ಲಿ ಸಂಬಳ ಬಂತು.

ಇನ್ನು ಬೆಲೆ. ಒಗೆಯುವ ಯಂತ್ರದ ಬೆಲೆ ಶೇ 12ರ ಆಸುಪಾಸು, ಅಂದರೆ ಯಂತ್ರವೊಂದಕ್ಕೆ ಸುಮಾರು 86 ಡಾಲರ್ ಏರಿತು. ಸುಂಕ ಕಟ್ಟದ ವರ್ಲ್‌ಪೂಲ್ ಕೂಡ ಏರಿಸಿತು. ಎದುರಾಳಿಯ ಬೆಲೆ ಏರಿದಾಗ ತನ್ನದನ್ನು ಕೆಳಗೇ ಇಟ್ಟುಕೊಳ್ಳುವ ವ್ಯಾಪಾರಿ ಎಲ್ಲಿದ್ದಾನೆ? ನನಗೆ ಮಜಾ ಅನ್ನಿಸಿದ್ದು ಇದರ ಮುಂದಿನ ಕಥೆ. ಬಟ್ಟೆ ಒಣಗಿಸುವ ಡ್ರೈಯರ್‌ನ ಮೇಲೆ ಒಂದು ಪೈಸೆಯ ಸುಂಕವೂ ಇರಲಿಲ್ಲ. ಅದರ ಬೆಲೆಯೂ ಸುಮಾರು 92 ಡಾಲರ್ ಏರಿತು! ಅಮೆರಿಕದ ಮನೆಗಳಲ್ಲಿ ಇವೆರಡನ್ನೂ ಜೋಡಿಯಾಗಿ ಕೊಳ್ಳುತ್ತಾರೆ. ಏರಿಕೆಯನ್ನು ಒಂದರ ಮೇಲೆಯೇ ಹಾಕಿದರೆ ಕಣ್ಣಿಗೆ ಹೊಡೆಯುತ್ತದೆ, ಎರಡಕ್ಕೂ ಹಂಚಿದರೆ ಗಿರಾಕಿ ಗೊಣಗಿ ಸುಮ್ಮನಾಗುತ್ತಾನೆ. ಸುಂಕದ ಅಧಿಸೂಚನೆಯನ್ನು ಎಷ್ಟು ಸಲ ಓದಿದರೂ ಡ್ರೈಯರ್‌ಗೆ ಸುಂಕ ಎಂಬ ಮಾತು ನಿಮಗೆ ಅಲ್ಲಿ ಕಾಣುವುದಿಲ್ಲ.

ಒಟ್ಟು ಲೆಕ್ಕ: ಗ್ರಾಹಕರಿಗೆ ವರ್ಷಕ್ಕೆ 150 ಕೋಟಿ ಡಾಲರ್‌ಗೂ ಹೆಚ್ಚು ಹೊರೆ, ಸರ್ಕಾರದ ಖಜಾನೆಗೆ ಬಂದದ್ದು ಸುಮಾರು 8.2 ಕೋಟಿ. ಖಜಾನೆಗೆ ಬಂದದ್ದನ್ನು ಕಳೆದು ಉಳಿದದ್ದನ್ನು 1,800ರಿಂದ ಭಾಗಿಸಿದರೆ ಒಂದೊಂದು ಕೆಲಸಕ್ಕೆ ಸುಮಾರು 8 ಲಕ್ಷ ಡಾಲರ್. ಆ ಕೆಲಸದ ಸಂಬಳ ಅದರ ಹತ್ತಿರಕ್ಕೂ ಬರುವುದಿಲ್ಲ. ಇಷ್ಟು ಸಾಲದೆಂಬಂತೆ ಅದೇ ವರ್ಷ ಉಕ್ಕಿನ ಮೇಲೂ ಸುಂಕ ಬಿತ್ತು. ವಾಷಿಂಗ್ ಮೆಷಿನ್‌ನ ಮೈಯೆಲ್ಲ ಉಕ್ಕು ತಾನೆ? ಒಂದು ಸುಂಕ ಬೇಡಿ ಪಡೆದ ವರ್ಲ್‌ಪೂಲ್ ಇನ್ನೊಂದು ಸುಂಕದ ಏಟು ತಿಂದಿತು.

ನಿಮ್ಮ ಅಧ್ಯಾಪಕರೊಂದಿಗೆ ವಾದ ಮಾಡುವಾಗ "ಕೆಲಸ ಹುಟ್ಟಿತೇ?" ಎಂದು ಕೇಳಬೇಡಿ. ಅಷ್ಟೇ ಹಣದಲ್ಲಿ ಇನ್ನೇನು ಮಾಡಬಹುದಿತ್ತು ಎಂದು ಕೇಳಿ.

ಕೆನಡಾದ ಉಕ್ಕಿನಿಂದ ಅಮೆರಿಕದ "ರಾಷ್ಟ್ರೀಯ ಭದ್ರತೆ"ಗೆ ಅಪಾಯವಂತೆ! ಇದು ಹೇಗೆ ಸ್ವಾಮಿ?
– ಬ್ಯಾಂಕ್ ನೌಕರ, ತುಮಕೂರು

ಕಾನೂನಿನ ಕೈಚಳಕ. ಅಮೆರಿಕದಲ್ಲಿ ಸುಂಕ ಹಾಕುವ ಅಧಿಕಾರ ಸಂವಿಧಾನದ ಪ್ರಕಾರ ಸಂಸತ್ತಿನದು. ಆದರೆ 1962ರ ವ್ಯಾಪಾರ ಕಾಯ್ದೆಯ 232ನೇ ಸೆಕ್ಷನ್, ಆಮದಿನಿಂದ ಭದ್ರತೆಗೆ ಧಕ್ಕೆ ಬರುತ್ತದೆ ಎಂದು ತನಿಖೆಯಲ್ಲಿ ಕಂಡುಬಂದರೆ ಅಧ್ಯಕ್ಷರೇ ಕ್ರಮ ಕೈಗೊಳ್ಳಬಹುದು ಎನ್ನುತ್ತದೆ. 2018ರಲ್ಲಿ ಉಕ್ಕಿಗೆ ಶೇ 25, ಅಲ್ಯೂಮಿನಿಯಂಗೆ ಶೇ 10 ಬಿದ್ದದ್ದು ಈ ಬಾಗಿಲಿನಿಂದ. ಜೂನ್ 1ರಿಂದ ಕೆನಡಾ, ಮೆಕ್ಸಿಕೋ, ಐರೋಪ್ಯ ಒಕ್ಕೂಟಗಳಿಗೂ ಅನ್ವಯಿಸಿತು. 2025ರ ಜೂನ್‌ನಲ್ಲಿ ದರ ಶೇ 50ಕ್ಕೆ ಏರಿದ್ದೂ ಇದರಡಿಯೇ.

2018ರಲ್ಲಿ ರಕ್ಷಣಾ ಮಂತ್ರಿಯಾಗಿದ್ದ ಜೇಮ್ಸ್ ಮ್ಯಾಟಿಸ್ ತಮ್ಮ ಟಿಪ್ಪಣಿಯಲ್ಲಿ, ಸೇನೆಗೆ ಬೇಕಾಗುವುದು ದೇಶದಲ್ಲಿ ತಯಾರಾಗುವ ಉಕ್ಕು ಮತ್ತು ಅಲ್ಯೂಮಿನಿಯಂನ ಶೇ 3ರಷ್ಟು ಮಾತ್ರ ಎಂದು ಬರೆದಿದ್ದರು, ಮಿತ್ರರಾಷ್ಟ್ರಗಳ ಮೇಲಾಗುವ ಪರಿಣಾಮದ ಬಗ್ಗೆ ಚಿಂತೆಯನ್ನೂ ತೋಡಿಕೊಂಡಿದ್ದರು. ಅನ್ಯಾಯದ ವ್ಯಾಪಾರದಿಂದ ಬರುವ ಆಮದು ಭದ್ರತೆಗೆ ಧಕ್ಕೆ ಎಂಬ ವ್ಯಾಪಾರ ಇಲಾಖೆಯ ಮಾತನ್ನು ಒಪ್ಪಿಕೊಂಡೇ ಹೀಗೆ ಬರೆದಿದ್ದರು.

ಅಲ್ಯೂಮಿನಿಯಂನದು ಇನ್ನೂ ತಮಾಷೆ. ಅದನ್ನು ಕರಗಿಸಿ ತೆಗೆಯಲು ವಿದ್ಯುತ್ ಧಾರಾಳವಾಗಿ ಬೇಕು. ಕ್ವಿಬೆಕ್ ಪ್ರಾಂತ್ಯದಲ್ಲಿ ಜಲವಿದ್ಯುತ್ ಅಗ್ಗ. ಆದ್ದರಿಂದ ಕಾರ್ಖಾನೆಗಳು ಅಲ್ಲಿವೆ, ಅವುಗಳಲ್ಲಿ ಕೆಲವು ಅಮೆರಿಕದ್ದೇ ಆದ ಅಲ್ಕೋವಾ ಕಂಪನಿಯವು. ಆ ಅಲ್ಕೋವಾದ ಮುಖ್ಯಸ್ಥರೇ 2025ರಲ್ಲಿ ಸುಂಕದಿಂದ ಅಮೆರಿಕದಲ್ಲಿ ಸುಮಾರು ಒಂದು ಲಕ್ಷ ಕೆಲಸ ಹೋಗಬಹುದು ಎಂದು ಎಚ್ಚರಿಸಿದರು. ಯಾರ ರಕ್ಷಣೆಗೆಂದು ಸುಂಕ ಬಂತೋ ಅವರೇ ಬೇಡವೆಂದರು.

ಟೆಕ್ಸಸ್‌ನಲ್ಲಿರುವ ನನ್ನ ಭಾವನ ಮನೆಗೆ ಹೋಗಿದ್ದೆ. ಅಲ್ಲಿ ಎಲ್ಲಿ ನೋಡಿದರೂ ಆನೆ ಗಾತ್ರದ ಪಿಕಪ್ ಟ್ರಕ್‌ಗಳು. ಏಷ್ಯಾದಲ್ಲೆಲ್ಲ ಓಡುವ ಚಿಕ್ಕ ಜಪಾನಿ ಪಿಕಪ್‌ಗಳು ಅಲ್ಲಿ ಏಕೆ ಕಾಣುವುದಿಲ್ಲ? ಭಾವ "ಕೋಳಿಯ ಕಾರಣ" ಎಂದು ನಕ್ಕರು. ತಮಾಷೆಯೇ?
– ವಾಹನ ಬಿಡಿಭಾಗಗಳ ವ್ಯಾಪಾರಿ, ಹುಬ್ಬಳ್ಳಿ

ತಮಾಷೆಯಲ್ಲ, ನಿಮ್ಮ ಭಾವ ವಿಷಯ ತಿಳಿದವರು. ದೊಡ್ಡ ಗಾಡಿಯ ಮೋಹ, ಅಗ್ಗದ ಪೆಟ್ರೋಲ್ ಎಲ್ಲ ಇದ್ದದ್ದೇ. ಆದರೆ ಕೋಳಿಯ ಪಾತ್ರ ದೊಡ್ಡದು. ನನ್ನ ವೃತ್ತಿಯವರು ಊಟಕ್ಕೆ ಕೂತಾಗ ಹೇಳಿಕೊಳ್ಳುವ ಕಥೆ ಇದು. ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಕೋಳಿ ಸಾಕಣೆ ಕಾರ್ಖಾನೆಯ ಮಟ್ಟಕ್ಕೆ ಬೆಳೆದು ಕೋಳಿಮಾಂಸ ಅಗ್ಗವಾಯಿತು. ಅದು ಪಶ್ಚಿಮ ಜರ್ಮನಿಗೆ ರಾಶಿ ರಾಶಿ ಹೋಗತೊಡಗಿತು. ಅಲ್ಲಿನ ರೈತರು ಬೊಬ್ಬೆ ಹಾಕಿದರು. 1962ರಲ್ಲಿ ಇಂದಿನ ಐರೋಪ್ಯ ಒಕ್ಕೂಟದ ಹಿಂದಿನ ರೂಪವಾದ ಐರೋಪ್ಯ ಆರ್ಥಿಕ ಸಮುದಾಯ ಕೋಳಿಯ ಮೇಲಿನ ತೆರಿಗೆಯನ್ನು ಏರಿಸಿತು. ಬರ್ಲಿನ್ ಗೋಡೆ ಎದ್ದ ಮರುವರ್ಷ ಅದು. ಕ್ಯೂಬಾದ ಕ್ಷಿಪಣಿ ಬಿಕ್ಕಟ್ಟಿನ ವರ್ಷವೂ ಹೌದು. ಅಂಥ ಹೊತ್ತಿನಲ್ಲಿ ಎರಡು ವರ್ಷ ಅಮೆರಿಕದ ಅಧ್ಯಕ್ಷ ಕೆನಡಿಯವರೊಂದಿಗಿನ ತಮ್ಮ ಪತ್ರವ್ಯವಹಾರದ ಅರ್ಧ ಭಾಗ ಕೋಳಿಯ ಬಗ್ಗೆಯೇ ಇತ್ತು ಎಂದು ಜರ್ಮನಿಯ ಚಾನ್ಸಲರ್ ಅಡೆನಾವರ್ ಆಮೇಲೆ ಹಾಸ್ಯ ಮಾಡಿದರಂತೆ.

ಮಾತುಕತೆ ಮುರಿಯಿತು. ಕೆನಡಿಯವರ ಹತ್ಯೆಯಾಗಿ ಹನ್ನೆರಡೇ ದಿನಕ್ಕೆ, 1963ರ ಡಿಸೆಂಬರ್ 4ರಂದು, ಹೊಸ ಅಧ್ಯಕ್ಷ ಜಾನ್ಸನ್ ಪ್ರತೀಕಾರಕ್ಕೆ ಸಹಿ ಹಾಕಿದರು: ಆಲೂಗಡ್ಡೆ ಪಿಷ್ಟ, ಡೆಕ್ಸ್‌ಟ್ರಿನ್, ಬ್ರಾಂದಿ ಮತ್ತು ಲಘು ಟ್ರಕ್. ಟ್ರಕ್‌ಗೆ ಶೇ 25. ಗುರಿ ಇದ್ದದ್ದು ಜರ್ಮನಿಯ ಫೋಕ್ಸ್‌ವ್ಯಾಗನ್ ವ್ಯಾನುಗಳ ಮೇಲೆ. ಮುಂದೆ ಪಿಷ್ಟ, ಬ್ರಾಂದಿಗಳ ಮೇಲಿನ ದಂಡ ಹೋಯಿತು. ಕೋಳಿಯ ಜಗಳವನ್ನು ಜನ ಮರೆತರು. ಟ್ರಕ್‌ನ ಶೇ 25 ಮಾತ್ರ ಆರು ದಶಕ ಉಳಿಯಿತು, ಜರ್ಮನಿಗೆ ಕಟ್ಟಿದ ಬೇಲಿಗೆ ಜಪಾನಿನವರು ಬಂದು ಸಿಕ್ಕಿಕೊಂಡರು.

ಬೇಲಿ ಇದ್ದಲ್ಲಿ ಕಿಂಡಿ ಇರಲೇಬೇಕು. ಪ್ರಯಾಣಿಕ ಕಾರಿಗೆ ಶೇ 2.5 ಇತ್ತು, ಸರಕು ಟ್ರಕ್‌ಗೆ ಶೇ 25. ನಡುವಿನ ಗೆರೆ ಯಾವುದು? ಜಪಾನಿನವರು ಮೊದಲು ಹಿಂದಿನ ಡಬ್ಬ ಇಲ್ಲದ ಟ್ರಕ್ ಕಳಿಸಿ, ಅಮೆರಿಕದಲ್ಲಿ ಡಬ್ಬ ಕೂರಿಸಿದರು. ಸುಬಾರು ಕಂಪನಿ ತನ್ನ ಪುಟ್ಟ ಪಿಕಪ್‌ನ ತೆರೆದ ಡಬ್ಬದಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿ ಕೂರಿಸಿ "ಇದು ಪ್ರಯಾಣಿಕ ವಾಹನ" ಎಂದಿತು.

ಇವರೆಲ್ಲರನ್ನೂ ಮೀರಿಸಿದ್ದು ಅಮೆರಿಕದ್ದೇ ಫೋರ್ಡ್. ಅದರ ಟ್ರಾನ್ಸಿಟ್ ಕನೆಕ್ಟ್ ಎಂಬ ವ್ಯಾನು ತಯಾರಾಗುತ್ತಿದ್ದದ್ದು ಟರ್ಕಿಯಲ್ಲಿ, ಅದೂ ನೇಟೊ ಮಿತ್ರರಾಷ್ಟ್ರವೇ. ಹಡಗಿಗೇರುವಾಗ ವ್ಯಾನಿಗೆ ಹಿಂದಿನ ಸೀಟು, ಸೀಟು ಬೆಲ್ಟು, ಹಿಂಬದಿ ಕಿಟಕಿಗಳು ಎಲ್ಲ ಇರುತ್ತಿದ್ದವು. ಬಾಲ್ಟಿಮೋರ್ ಬಂದರಿನಲ್ಲಿ ಪ್ರಯಾಣಿಕ ವಾಹನವೆಂದು ಶೇ 2.5 ಕಟ್ಟಿ ಇಳಿಸುತ್ತಿದ್ದರು. ಅಲ್ಲೇ ಪಕ್ಕದ ಶೆಡ್ಡಿನಲ್ಲಿ ಸೀಟು ಕಿತ್ತು, ಕಿಟಕಿಯ ಜಾಗಕ್ಕೆ ತಗಡು ಜಡಿದು, ಸರಕು ವ್ಯಾನು ಮಾಡಿ ಮಾರುತ್ತಿದ್ದರು. ಕಿತ್ತ ಸೀಟುಗಳು ಚೂರುಚೂರಾಗಿ ಮರುಬಳಕೆಗೆ. ಯಾರೂ ಕೂರದೆ ಸಾಗರ ದಾಟಿದ ಹೊಸ ಸೀಟುಗಳು!

ಅಮೆರಿಕದ ಕಸ್ಟಮ್ಸ್ ಇದನ್ನು ಹಿಡಿಯಿತು. ಮೊಕದ್ದಮೆ ನಡೆದು 2019ರಲ್ಲಿ ಮೇಲ್ಮನವಿ ನ್ಯಾಯಾಲಯ ಫೋರ್ಡ್ ವಿರುದ್ಧ ತೀರ್ಪು ಕೊಟ್ಟಿತು. 2024ರಲ್ಲಿ ಫೋರ್ಡ್ 36.5 ಕೋಟಿ ಡಾಲರ್ ಕಟ್ಟಿ ರಾಜಿ ಮಾಡಿಕೊಂಡಿತು. ಸರಕಿನ ವರ್ಗೀಕರಣಕ್ಕಾಗಿ ಆಮದುದಾರರೊಂದಿಗೆ ಗುದ್ದಾಡಿದ ನನಗೆ ಆ ಬಾಲ್ಟಿಮೋರ್ ಅಧಿಕಾರಿಗಳ ಮೇಲೆ ಗೌರವವಿದೆ, ಆ ಸೀಟಿನ ಉಪಾಯ ಹೊಳೆದವನ ಮೇಲೂ ಇದೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಹೊರಗಿನ ಚಿಕ್ಕ ಪಿಕಪ್‌ಗೆ ಬಾಗಿಲು ಹಾಕಿದ್ದರಿಂದ ಅಮೆರಿಕದ ಕಂಪನಿಗಳಿಗೆ ಪಿಕಪ್ ಎಂಬುದು ಪೈಪೋಟಿ ಕಡಿಮೆಯ ಸೊಂಪಾದ ಹೊಲವಾಯಿತು. ಟೊಯೋಟದವರು, ನಿಸ್ಸಾನ್‌ನವರು ಕೊನೆಗೆ ಅಲ್ಲಿಯೇ ಕಾರ್ಖಾನೆ ಹಾಕಿ, ಅಲ್ಲಿಯವರಂತೆಯೇ ದೊಡ್ಡ ಗಾಡಿ ಕಟ್ಟಿದರು.

ನನ್ನ ಮಗಳು ಟೊರಾಂಟೊದಲ್ಲಿದ್ದಾಳೆ. ಅಲ್ಲಿ ಅಮೆರಿಕದ ಮದ್ಯವನ್ನು ಅಂಗಡಿಗಳಿಂದ ತೆಗೆದರಂತೆ, ಟೊಮೆಟೊ ಕೊಳ್ಳುವಾಗಲೂ ಯಾವ ದೇಶದ್ದು ಎಂದು ಚೀಟಿ ನೋಡುತ್ತಾರಂತೆ. ಇಂಥ ಸೇಡಿನಿಂದ ಏನಾದರೂ ಪ್ರಯೋಜನ ಉಂಟೇ?
– ಗೃಹಿಣಿ, ಮೈಸೂರು

ಉಂಟು, ಬೆಲೆಯೂ ಉಂಟು.

ಒಂಟಾರಿಯೊ ಪ್ರಾಂತ್ಯದಲ್ಲಿ ಮದ್ಯದ ಸಗಟು ವ್ಯಾಪಾರ ಸರ್ಕಾರಿ ನಿಗಮದ ಕೈಯಲ್ಲಿದೆ. ಅದು ಜಗತ್ತಿನ ಅತಿ ದೊಡ್ಡ ಮದ್ಯ ಖರೀದಿದಾರರಲ್ಲಿ ಒಂದು. 2025ರ ಮಾರ್ಚ್ 4ರಂದು ಅಮೆರಿಕದ ಸುಂಕ ಜಾರಿಯಾದ ದಿನವೇ ಅಮೆರಿಕದ ಬಾಟಲಿಗಳು ಅದರ ಕಪಾಟುಗಳಿಂದ ಹೊರಟವು. ಜ್ಯಾಕ್ ಡೇನಿಯಲ್ಸ್ ತಯಾರಿಸುವ ಕಂಪನಿಯ ಮುಖ್ಯಸ್ಥರು ಇದು ಸುಂಕಕ್ಕಿಂತಲೂ ಕೆಟ್ಟದ್ದು ಎಂದು ಗೋಳಾಡಿದರು. ನಿಜವೇ. ಸುಂಕ ಬಿದ್ದರೆ ಬೆಲೆ ಹೆಚ್ಚು ಕೊಟ್ಟಾದರೂ ಕೊಳ್ಳುವವರು ಕೆಲವರಿರುತ್ತಾರೆ. ಕಪಾಟಿನಲ್ಲೇ ಇಲ್ಲದಿದ್ದರೆ ಏನು ಕೊಳ್ಳುವುದು?

ಮಿತ್ರರ ಜಗಳಕ್ಕೂ ಶತ್ರುಗಳ ಜಗಳಕ್ಕೂ ಇರುವ ವ್ಯತ್ಯಾಸ ಇಲ್ಲಿದೆ ಎಂದು ನನ್ನ ಅನಿಸಿಕೆ. ಮಿತ್ರನಿಗೆ ನಿಮ್ಮ ಮನೆಯ ಒಳಗುಟ್ಟು ಗೊತ್ತು. 2018ರ ಪ್ರತೀಕಾರದ ಪಟ್ಟಿಗಳನ್ನು ನೋಡಿ. ಐರೋಪ್ಯ ಒಕ್ಕೂಟ ಜೂನ್ 22ರಂದು 280 ಕೋಟಿ ಯೂರೊ ಮೌಲ್ಯದ ಅಮೆರಿಕದ ಸರಕಿಗೆ ಸುಂಕ ಹಾಕಿತು. ಅದರಲ್ಲಿ ಬರ್ಬನ್ ವಿಸ್ಕಿ ಇತ್ತು, ಅದು ಕೆಂಟಕಿಯ ಕಸುಬು, ಆಗಿನ ಸೆನೆಟ್ ನಾಯಕ ಮಿಚ್ ಮೆಕಾನಲ್ ಅಲ್ಲಿಯವರು. ಹಾರ್ಲೆ ಡೇವಿಡ್‌ಸನ್ ಇತ್ತು, ಕಂಪನಿ ವಿಸ್ಕಾನ್ಸಿನ್‌ನದು, ಆಗಿನ ಕೆಳಮನೆಯ ಸ್ಪೀಕರ್ ಪಾಲ್ ರಯಾನ್ ಕೂಡ ಅಲ್ಲಿಯವರೇ. ಹಾರ್ಲೆಯ ಮೇಲಿನ ಸುಂಕ ಶೇ 6ರಿಂದ 31ಕ್ಕೆ ಹಾರಿತು. ಮೂರೇ ದಿನಕ್ಕೆ ಕಂಪನಿ, ಯುರೋಪಿಗೆ ಹೋಗುವ ಬೈಕುಗಳನ್ನು ಅಮೆರಿಕದ ಹೊರಗೆ ತಯಾರಿಸುತ್ತೇವೆ ಎಂದು ಘೋಷಿಸಿತು. ಕೆನಡಾ ತನ್ನ ರಾಷ್ಟ್ರೀಯ ದಿನವಾದ ಜುಲೈ 1ರಂದು ಉಕ್ಕಿನ ಜೊತೆಗೆ ಕೆಚಪ್, ಮೊಸರು, ವಿಸ್ಕಿಗಳನ್ನೂ ಸೇರಿಸಿ 1,660 ಕೋಟಿ ಕೆನಡಿಯನ್ ಡಾಲರ್‌ನ ಪಟ್ಟಿ ಹೊರಡಿಸಿತು. ಕೆಚಪ್ ಏಕೆ? ಅದಿಲ್ಲದಿದ್ದರೆ ಒಂಟಾರಿಯೊದಲ್ಲೇ ಬೆಳೆದ ಟೊಮೆಟೊದಿಂದ ಮಾಡಿದ ಕೆಚಪ್ ಸಿಗುತ್ತದೆ. ಬದಲಿ ಸಿಗುವ ವಸ್ತುವನ್ನು ಆರಿಸಿ ಹೊಡೆಯುವುದು ಜಾಣರ ಲೆಕ್ಕ. ಮರುವರ್ಷ ಮೇ ತಿಂಗಳಲ್ಲಿ ಕೆನಡಾ ಮತ್ತು ಮೆಕ್ಸಿಕೋದ ಮೇಲಿನ ಲೋಹದ ಸುಂಕವನ್ನು ಅಮೆರಿಕ ತೆಗೆಯಿತು, ಇವರೂ ತಮ್ಮದನ್ನು ತೆಗೆದರು.

ಬದಲಿ ಸಿಗದ ಕಡೆ ಸೇಡು ತಿರುಗಿ ಬಡಿಯುತ್ತದೆ. ಒಂಟಾರಿಯೊದ ಮುಖ್ಯಮಂತ್ರಿಯಂಥ ಹುದ್ದೆಯಲ್ಲಿರುವ ಡಗ್ ಫೋರ್ಡ್ 2025ರ ಮಾರ್ಚ್ 10ರಂದು ಅಮೆರಿಕದ ಮೂರು ರಾಜ್ಯಗಳಿಗೆ ಹೋಗುವ ವಿದ್ಯುತ್ತಿನ ಮೇಲೆ ಶೇ 25 ಹೆಚ್ಚುವರಿ ಹಾಕಿದರು. ಅತ್ತಲಿಂದ ಲೋಹದ ಸುಂಕ ದುಪ್ಪಟ್ಟು ಮಾಡುವ ಬೆದರಿಕೆ ಬಂದದ್ದೇ ತಡ, ಮರುದಿನ ತಡೆಹಿಡಿದರು.

ಹಳೆಯದೊಂದು ಲೆಕ್ಕ ಹೇಳಿ ಮುಗಿಸುತ್ತೇನೆ. 1930ರಲ್ಲಿ ಅಮೆರಿಕ ಸ್ಮೂಟ್-ಹಾಲಿ ಕಾಯ್ದೆ ತಂದು ಮೊಟ್ಟೆಯ ಸುಂಕವನ್ನು ಡಜನ್‌ಗೆ 8 ಸೆಂಟ್‌ನಿಂದ 10ಕ್ಕೆ ಏರಿಸಿತು. ಕೆನಡಾ ತನ್ನದನ್ನು 3ರಿಂದ 10ಕ್ಕೆ ಏರಿಸಿತು. ಅಮೆರಿಕದಿಂದ ಕೆನಡಾಕ್ಕೆ 1929ರಲ್ಲಿ 9 ಲಕ್ಷ ಡಜನ್‌ಗೂ ಹೆಚ್ಚು ಮೊಟ್ಟೆ ಹೋಗಿತ್ತು. 1932ರಲ್ಲಿ ಹೋದದ್ದು 8 ಸಾವಿರ ಡಜನ್‌ಗೂ ಕಡಿಮೆ. ಎರಡು ಸೆಂಟ್ ರಕ್ಷಣೆ ಕೇಳಿದ ಅಮೆರಿಕದ ಕೋಳಿ ಸಾಕಣೆದಾರರು ಹೊರಗಿನ ಮಾರುಕಟ್ಟೆಯನ್ನೇ ಕಳೆದುಕೊಂಡರು.

ಮಗಳಿಗೆ ಟೊಮೆಟೊದ ಚೀಟಿ ನೋಡಲು ಹೇಳಿ, ತಪ್ಪೇನಿಲ್ಲ. ಜನವರಿಯ ಟೊರಾಂಟೊದಲ್ಲಿ ಸ್ಥಳೀಯ ಟೊಮೆಟೊಗೆ ಎಷ್ಟು ಕೊಡಬೇಕಾಗುತ್ತದೆ ಎಂದೂ ಕೇಳಿ ನೋಡಿ.

ಊರಿಗೆಲ್ಲ ಸುಂಕ ಕೆಟ್ಟದ್ದು ಎಂದು ಉಪದೇಶ ಮಾಡುತ್ತೀರಿ. ಅಡಿಕೆಯ ಆಮದು ಸುಂಕ ತೆಗೆದರೆ ನಮ್ಮ ಗತಿ ಏನು? ಭೂತಾನ್ ಮಿತ್ರರಾಷ್ಟ್ರ ಎಂದು ಅಲ್ಲಿಯ ಹಸಿ ಅಡಿಕೆ ಬಿಟ್ಟಾಗ ನಾವು ಬೀದಿಗೆ ಬರಬೇಕಾಯಿತು. ನೀವು ಮಲೆನಾಡಿಗೆ ಬಂದು ಇದನ್ನೇ ಹೇಳುತ್ತೀರಾ?
– ಅಡಿಕೆ ಬೆಳೆಗಾರ, ತೀರ್ಥಹಳ್ಳಿ

ಬಂದು ಹೇಳುತ್ತೇನೆ, ಕವಳ ಕೊಟ್ಟರೆ ಹಾಕಿಕೊಂಡೇ ಹೇಳುತ್ತೇನೆ. ಸುಂಕ ಕೆಟ್ಟದ್ದು ಎಂದು ನಾನು ಹೇಳಿಲ್ಲ. ಸುಂಕ ಯಾರ ಜೇಬಿನಿಂದ ಯಾರ ಜೇಬಿಗೆ ಹೋಗುತ್ತದೆ ಎಂದು ಹೇಳುತ್ತಿದ್ದೇನೆ. ಅಡಿಕೆಗೆ ಶೇ 100 ಸುಂಕವಿದೆ, ಅದರ ಮೇಲೆ ಕಿಲೋಗೆ 351 ರೂಪಾಯಿಯ ಕನಿಷ್ಠ ಆಮದು ಬೆಲೆ ಇದೆ, ಅಂದರೆ ಅದಕ್ಕಿಂತ ಅಗ್ಗದ್ದು ಒಳಗೆ ಬರುವಂತಿಲ್ಲ. 2023ರ ಫೆಬ್ರುವರಿಯವರೆಗೆ ಇದು 251 ಇತ್ತು. ಈ ಬೇಲಿಯಿಂದ ನಿಮಗೆ ಸಿಗುವ ಹೆಚ್ಚುವರಿ ಬೆಲೆಯನ್ನು ಕೊಡುವವನು ಇಂಡೋನೇಷ್ಯಾದವನಲ್ಲ, ಉತ್ತರ ಭಾರತದಲ್ಲಿ ಪಾನ್ ಜಗಿಯುವವನು. ಬೇರೆ ಬೆಳೆಗೆ ಹೊರಳಲು ವರ್ಷಗಟ್ಟಲೆ ಬೇಕಾಗುವ ತೋಟಗಾರನಿಗೆ ಜಗಿಯುವವನು ಅಷ್ಟು ಕೊಡಲಿ ಎಂದು ದೇಶ ತೀರ್ಮಾನಿಸಿದರೆ ಅದೊಂದು ರಾಜಕೀಯ ತೀರ್ಮಾನ, ನನಗೆ ತಕರಾರಿಲ್ಲ. ತೀರ್ಮಾನ ಮಾಡುವಾಗ ಕೊಡುವವನು ಯಾರೆಂದು ಮುಚ್ಚಿಡಬಾರದು, ಅಷ್ಟೇ.

ಭೂತಾನ್ ವಿಷಯ. 2022ರ ಸೆಪ್ಟೆಂಬರ್‌ನಲ್ಲಿ ವರ್ಷಕ್ಕೆ 17 ಸಾವಿರ ಟನ್ ಹಸಿ ಅಡಿಕೆಗೆ ಕನಿಷ್ಠ ಬೆಲೆಯ ಷರತ್ತಿಲ್ಲದೆ ಅನುಮತಿ ಕೊಟ್ಟರು. ಸಿಟ್ಟು ಬಂದದ್ದು ಸಹಜ. ಆದರೆ ನನ್ನನ್ನು ಕೇಳಿದರೆ ನೀವು ಹೆದರಬೇಕಾದದ್ದು ಭೂತಾನಿನ ರೈತನಿಗಲ್ಲ, ಮಿತ್ರನ ಹೆಸರು ಹೇಳಿಕೊಂಡು ಬರುವ ಮೂರನೆಯವನಿಗೆ. ಕಾಳುಮೆಣಸು ಬೆಳೆಯುವ ನಿಮ್ಮ ನೆರೆಯವರಿಗೆ ಇದು ಚೆನ್ನಾಗಿ ಗೊತ್ತು. ಶ್ರೀಲಂಕಾದೊಂದಿಗೆ ಮುಕ್ತ ವ್ಯಾಪಾರ ಒಪ್ಪಂದ ಇದ್ದದ್ದರಿಂದ ವಿಯೆಟ್ನಾಂ ಮೆಣಸು ಶ್ರೀಲಂಕಾದ ಪ್ರಮಾಣಪತ್ರ ಅಂಟಿಸಿಕೊಂಡು ಬರುತ್ತದೆಂದು ಕೊಡಗಿನಿಂದ ಸಕಲೇಶಪುರದವರೆಗೆ ಕೂಗೆದ್ದಿತು. 2017ರ ಡಿಸೆಂಬರ್‌ನಲ್ಲಿ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಬಂದದ್ದು ಅದರ ನಂತರ. ಮೂಲದೇಶದ ಪ್ರಮಾಣಪತ್ರ ಒಂದು ಹಾಳೆ. ಮೆಣಸಿನ ಕಾಳು ನೋಡಿ ಅದು ಯಾವ ದೇಶದ ಬಳ್ಳಿಯದು ಎಂದು ಹೇಳುವ ಅಧಿಕಾರಿಯನ್ನು ನಾನು ಕಂಡಿಲ್ಲ. ಮಿತ್ರನಿಗೆ ಒಂದು ದರ, ಇತರರಿಗೆ ಇನ್ನೊಂದು ದರ ಎಂದ ಕೂಡಲೇ ಆ ಹಾಳೆಗೆ ಬೆಲೆ ಬರುತ್ತದೆ. ದರದ ಅಂತರ ಹೆಚ್ಚಿದಷ್ಟೂ ಹಾಳೆ ದುಬಾರಿಯಾಗುತ್ತದೆ. ನಿಮ್ಮ ಸಂಘದವರು ಮುಂದಿನ ಸಲ ಮನವಿ ಕೊಡುವಾಗ ಸುಂಕ ಏರಿಸಿ ಎನ್ನುವುದರ ಜೊತೆಗೆ ಗಡಿಯಲ್ಲಿ ಪರೀಕ್ಷೆ ಬಿಗಿ ಮಾಡಿ ಎಂದೂ ಬರೆಯಲಿ.

ಮಿತ್ರನ ಮೇಲೆ ಹಾಕಿದ ಸುಂಕದಿಂದ ಉದ್ಧಾರವಾದ ಕಂಪನಿ ಒಂದಾದರೂ ಇದೆಯೇ?
– ಬೈಕ್ ಮೆಕ್ಯಾನಿಕ್, ಚಿಕ್ಕಮಗಳೂರು

ನಿಮ್ಮ ಕಸುಬಿನಿಂದಲೇ ಉತ್ತರ. 1983ರಲ್ಲಿ ರೇಗನ್ ಸರ್ಕಾರ 700 ಸಿಸಿಗಿಂತ ದೊಡ್ಡ ಆಮದು ಬೈಕುಗಳ ಮೇಲಿನ ಸುಂಕವನ್ನು ಶೇ 4.4ರಿಂದ 49.4ಕ್ಕೆ ಏರಿಸಿತು. ಗುರಿ ಜಪಾನ್, ಉದ್ದೇಶ ಮುಳುಗುತ್ತಿದ್ದ ಹಾರ್ಲೆಯನ್ನು ಉಳಿಸುವುದು. ದರ ವರ್ಷ ವರ್ಷ ಇಳಿಯುತ್ತ ಐದು ವರ್ಷಕ್ಕೆ ಮುಗಿಯಬೇಕೆಂದು ಮೊದಲೇ ಬರೆದಿತ್ತು. ಹಾರ್ಲೆ ಉಳಿಯಿತು, ಆದ್ದರಿಂದ ಸುಂಕ ಗೆದ್ದಿತು ಎನ್ನುವವರಿದ್ದಾರೆ. ಆದರೆ ಜಪಾನಿನ ಕಂಪನಿಗಳು 750 ಸಿಸಿ ಎಂಜಿನನ್ನು 699ಕ್ಕೆ ಇಳಿಸಿ ಬೇಲಿಯ ಅಡಿಯಲ್ಲೇ ನುಸುಳಿದವು. ಸಿಲಿಂಡರಿನ ಅಳತೆ ಕಡಿಮೆ ಮಾಡಿ ಅದೇ ಬೈಕು ಮಾರುವುದು ಎಷ್ಟು ಹೊತ್ತಿನ ಕೆಲಸ ಎಂದು ನಿಮಗೆ ನಾನು ಹೇಳಬೇಕಿಲ್ಲ. ಹೋಂಡಾ ಮತ್ತು ಕವಾಸಾಕಿಗೆ ಅಮೆರಿಕದಲ್ಲೇ ಕಾರ್ಖಾನೆಗಳಿದ್ದವು. ಹಾರ್ಲೆ ಆ ಹೊತ್ತಿಗೆ ಹೊಸ ಎಂಜಿನ್ ತಂದಿತ್ತು, ಎಣ್ಣೆ ಸೋರುವ ಹಳೆಯ ಅಪಖ್ಯಾತಿ ಕಳೆದುಕೊಂಡಿತ್ತು. ಅದನ್ನು ಉಳಿಸಿದ್ದು ಸುಂಕಕ್ಕಿಂತ ಹೆಚ್ಚಾಗಿ ಆ ಎಂಜಿನ್ ಎಂದು ನನ್ನ ಲೆಕ್ಕ.

1987ರ ಮಾರ್ಚ್‌ನಲ್ಲಿ, ಅವಧಿ ಮುಗಿಯಲು ಇನ್ನೂ ಒಂದು ವರ್ಷ ಇರುವಾಗಲೇ, ಹಾರ್ಲೆ ಕಂಪನಿ ಸರ್ಕಾರಕ್ಕೆ ಅರ್ಜಿ ಹಾಕಿ ತನ್ನ ರಕ್ಷಣೆಗಿದ್ದ ಸುಂಕವನ್ನು ತೆಗೆಯಿರಿ ಎಂದಿತು. ಅಂಥ ಅರ್ಜಿ ನನ್ನ ಸೇವಾವಧಿಯಲ್ಲಿ ಒಂದೂ ಬಂದಿಲ್ಲ.